ಸೆಮಾರನ ಬಲಗೈ

ರಂಜಾನ್ ೨

ಪಾಠ ಮಾಡುವ ಕಾಲೇಜಿನಿಂದ ರಜೆ ತೆಗೆದುಕೊಂಡು ನಮ್ಮೂರು ಗೆಗೆಸಿಕ್‌ಗೆ ಬಂದೆ. ರಜೆ ಅರ್ಜಿಯಲ್ಲಿ ‘ತಂದೆಯ ಅನಾರೋಗ್ಯ’ ಎಂದು ನಾನು ಬರೆದುಕೊಟ್ಟಿದ್ದನ್ನು ಗುಮಾಸ್ತ ‘ತಂದೆ ಅನಾರೋಗ್ಯ’ ಎಂದು ಟೈಪು ಮಾಡಿದ್ದ. ತಿದ್ದಿಸಿದೆ. ಅಷ್ಟರಲ್ಲಿ ಬಸ್ಸು ತಪ್ಪಿತು.

ಅಪ್ಪನಿಗೆ ಪಾರ್ಶ್ವವಾಯು ಬಡಿದು ತಿಂಗಳ ಮೇಲಾಯಿತು. ಬಲಗೈ, ಬಲಗಾಲು ಕೆಲಸ ಬಿಟ್ಟಿವೆ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಆದರೆ ಬಾಯಿಂದ ಬರುವುದು ಒಂದೇ ಪದ: ಮೋಡ. ನೀರಿಗೂ ಮೋಡ, ಚಪ್ಪಲಿಗೂ ಮೋಡ, ನನಗೂ ಮೋಡ. ನಮ್ಮಂಥ ಗಾಜು ಚಿತ್ರದವರ ಮನೆಯಲ್ಲಿ ಮಕ್ಕಳಿಗೆ ಮೊದಲು ಕಲಿಸುವುದೇ ಮೋಡದ ಸುರುಳಿ. ಮಿಕ್ಕಿದ್ದೆಲ್ಲ ಹೋಗಿ ಅದೊಂದು ಉಳಿದುಕೊಂಡಿದೆ.

ಇಷ್ಟು ದಿನ ನೋಡಿಕೊಂಡವಳು ಪಕ್ಕದ ಮನೆಯ ಕಸಿನಿ ಅತ್ತೆ, ಅಪ್ಪನ ತಂಗಿ. ಅವಳು ಹೇಳುವ ಪ್ರಕಾರ ಅಪ್ಪ ಊಟವನ್ನೇ ಬಿಟ್ಟಿದ್ದಾರೆ. ಯಾರಾದರೂ ಎದುರಿಗಿದ್ದರೆ ತುತ್ತು ಮುಟ್ಟುವುದಿಲ್ಲ. ತಿನ್ನಿಸಲು ಹೋದರೆ ಹಲ್ಲು ಕಚ್ಚಿ ಹಿಡಿಯುತ್ತಾರೆ. ಕಾರಣ ನನಗೆ ಗೊತ್ತು. ನಾವು ಚಿಕ್ಕವರಿದ್ದಾಗ ಎಡಗೈ ತಟ್ಟೆಯ ಹತ್ತಿರ ಸುಳಿದರೆ ಅಪ್ಪ ಕುಂಚದ ಹಿಡಿಯಿಂದ ಗೆಣ್ಣಿಗೆ ಕುಟ್ಟುತ್ತಿದ್ದರು. ಈಗ ಅವರಿಗೆ ಇರುವುದು ಎಡಗೈ ಒಂದೇ.

ಆರೋಗ್ಯ ಕೇಂದ್ರದ ಡಾಕ್ಟರಮ್ಮ ತೂಕ ನೋಡಿ, ಹಬ್ಬದೊಳಗೆ ಊಟ ಸರಿಹೋಗದಿದ್ದರೆ ನಗರದ ಆಸ್ಪತ್ರೆಗೆ ಸೇರಿಸಿ ಮೂಗಿನಲ್ಲಿ ನಳಿಗೆ ಹಾಕಬೇಕಾಗುತ್ತದೆ ಎಂದಿದ್ದಾರೆ. ಈ ವಯಸ್ಸಿನಲ್ಲಿ ನಳಿಗೆ ಹಾಕಿಸಿಕೊಂಡವರು ಸಾಮಾನ್ಯವಾಗಿ ತೆಗೆಸಿಕೊಳ್ಳುವುದಿಲ್ಲ ಎಂದೂ ಅಂದರು.

ಹಬ್ಬದ ಮರುವಾರ ಕಾಲೇಜಿನಲ್ಲಿ ನನ್ನ ಉಪನ್ಯಾಸವಿದೆ. ವಿಷಯ: ಸಾಹಿತ್ಯದಲ್ಲಿ ಗಾಜು. ಮೊದಲ ವಾಕ್ಯ ಸಿದ್ಧವಾಗಿದೆ: ‘ಒಳ್ಳೆಯ ಭಾಷೆ ಶುಭ್ರವಾದ ಗಾಜು; ಅದು ಅಲ್ಲಿದೆ ಎಂಬುದೇ ನೋಡುವವನಿಗೆ ತಿಳಿಯಬಾರದು.’

ರಂಜಾನ್ ೪

ಅಪ್ಪನ ಮಾತು ಸರಿಪಡಿಸಲು ಚೀಟಿ ಬರೆದೆ. ನೀರು, ಅನ್ನ, ಚಪ್ಪಲಿ, ಸುಕೆಂತಿ. ಸುಕೆಂತಿ ನಾನು. ಒಂದೊಂದನ್ನೇ ಹಿಡಿದು ತೋರಿಸಿದೆ. ಅಪ್ಪ ಪ್ರತಿಯೊಂದನ್ನೂ ಗಮನವಿಟ್ಟು ನೋಡಿ ‘ಮೋಡ’ ಎಂದರು. ‘ಅಲ್ಲ’ ಎಂದೆ. ಬೆಳಿಗ್ಗೆಯೆಲ್ಲ ಇದೇ ಆಯಿತು. ಪ್ರಗತಿ ಇಲ್ಲ.

ತಮ್ಮ ವಸ್ಮದ್ ಬಂದಿದ್ದ. ಪಕ್ಕದೂರಿನಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಬಾಗಿಲಲ್ಲೇ ನಿಂತು ನೋಡಿ, ಕಾಯಿಲೆಯವನನ್ನು ಪರೀಕ್ಷೆಗೆ ಕೂರಿಸಿದ್ದೀಯಲ್ಲ ಅಕ್ಕ, ಫೇಲಾದರೆ ಮನೆಯಿಂದ ಆಚೆ ಹಾಕುತ್ತೀಯಾ ಎಂದು ಕೇಳಿದ. ನಾನು ಯಾರನ್ನೂ ಆಚೆ ಹಾಕಿದವಳಲ್ಲ. ನನ್ನ ಮಾಜಿ ಗಂಡ ತಾನಾಗಿಯೇ ಹೋದ. ನಿಕಾಹದ ದಿನ ಅವನು ಹೇಳಿದ ಒಪ್ಪಿಗೆಯ ಮಾತನ್ನೂ ನಾನು ತಿದ್ದಿದೆ ಎಂದು ಈಗಲೂ ಹೇಳಿಕೊಂಡು ತಿರುಗುತ್ತಾನಂತೆ. ತಿದ್ದಿದ್ದೆ. ತಪ್ಪಿತ್ತು.

ಕಾಯಿಲೆಯವರಿಗೆ ಉಪವಾಸದಿಂದ ಮಾಫಿ ಇದೆ. ಅಪ್ಪ ಕೇಳುವುದಿಲ್ಲ. ಹಗಲಲ್ಲಿ ಉಪವಾಸ ಎಂದು ಕೈಸನ್ನೆ ಮಾಡುತ್ತಾರೆ. ಸಂಜೆ ಉಪವಾಸ ಬಿಡುವ ಹೊತ್ತಿಗೆ ಮಸೀದಿಯ ನಗಾರಿ ಬಡಿದ ಮೇಲೆ ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ನಗಾರಿ ಬಡಿದ ಮೇಲೂ ಉಣ್ಣದಿದ್ದರೆ ಅದಕ್ಕೆ ಏನು ಹೆಸರು ಎಂದು ಕೇಳಿದೆ. ‘ಮೋಡ’ ಎಂದರು.

ರಂಜಾನ್ ೬

ಹಿತ್ತಲ ಬಾಗಿಲಲ್ಲಿ ಅಪ್ಪನ ಕೊನೆಯ ಗಾಜು ಮರದ ಚೌಕಟ್ಟಿನಲ್ಲಿ ನಿಂತೇ ಇದೆ. ವಸ್ಮದನ ಹೊಸ ಮನೆಗೆಂದು ಶುರು ಮಾಡಿದ ಸೆಮಾರ್. ನಮ್ಮ ತೊಗಲುಬೊಂಬೆಯಾಟದಲ್ಲಿ ಪಾಂಡವರ ಮನೆಯ ಆಳು, ಡೊಳ್ಳು ಹೊಟ್ಟೆಯವನು, ತಾನು ದೇವರು ಎಂದು ಯಾರಿಗೂ ಹೇಳಿಕೊಳ್ಳದವನು. ರೇಖೆ ಮಾತ್ರ ಮುಗಿದಿದೆ, ಬಣ್ಣ ತುಂಬಿಲ್ಲ. ಇವತ್ತು ನಗಾರಿ ಬಡಿದ ಮೇಲೆ ಹಿತ್ತಲ ಅಂಗಳದಲ್ಲಿ ಕೂತು ನೋಡಿದರೆ ಸೆಮಾರನ ಹೊಟ್ಟೆಯೊಳಗೆ ಅಡುಗೆಮನೆ, ಕೊಡ, ಒಂದು ಕೋಳಿ ಎಲ್ಲ ಕಾಣುತ್ತಿತ್ತು. ಉಪನ್ಯಾಸಕ್ಕೆ ಒಳ್ಳೆಯ ಉದಾಹರಣೆ. ಗುರುತು ಹಾಕಿಕೊಂಡೆ.

ಹಾಗೆ ನೋಡುತ್ತಿರುವಾಗ ಕೋಳಿಯ ಹಿಂದೆ ಅಪ್ಪ ಕಂಡರು. ಅತ್ತೆ ತೇಗದೆಲೆಯಲ್ಲಿ ಕಟ್ಟಿ ಪಕ್ಕದಲ್ಲಿಟ್ಟಿದ್ದ ಅನ್ನವನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು, ತಲೆ ಬಗ್ಗಿಸಿ, ಎಡಗೈಯಲ್ಲಿ ಬೇಗಬೇಗ ಉಣ್ಣುತ್ತಿದ್ದರು. ಕದ್ದು ತಿನ್ನುವವರು ಹೀಗೆಯೇ ತಿನ್ನುವುದು. ನನಗೆ ಸಮಾಧಾನವಾಯಿತು, ಸಂಕಟವೂ ಆಯಿತು. ಆಗ ಅವರು ತಲೆ ಎತ್ತಿದರು. ಗಾಜು ಎರಡು ಕಡೆಗೂ ಗಾಜೇ. ನನ್ನನ್ನು ನೋಡಿದವರು ಎಲೆ ಮಡಚಿ ಕೋಳಿಯ ಮುಂದೆ ಎಸೆದರು.

ರಂಜಾನ್ ೮

ಎರಡು ದಿನದಿಂದ ಅಪ್ಪನದು ಬರೀ ನೀರು.

ರಂಜಾನ್ ೯

ಕೂತಲ್ಲಿ ಕೂರಲಾಗದೆ ಹಿತ್ತಲ ಬಾಗಿಲ ಒಳಬದಿಯಲ್ಲಿ ಕಸ ಗುಡಿಸುತ್ತಿದ್ದೆ. ಗಾಜಿನ ಮೇಲೆ ಕಣ್ಣು ಬಿತ್ತು. ಸೆಮಾರ್ ಯಾವಾಗಲೂ ಬಲಗೈ ಮುಂದೆ ಚಾಚಿ, ಎಡಗೈ ಬೆನ್ನ ಹಿಂದೆ ಇಟ್ಟುಕೊಂಡಿರುತ್ತಾನೆ. ಅಪ್ಪ ಎಡಗೈ ಚಾಚಿಸಿದ್ದರು. ಕಾಯಿಲೆ ಆಗಲೇ ಶುರುವಾಗಿತ್ತು ಎಂದುಕೊಂಡೆ. ಹೊಸ ಮನೆಯ ಗೋಡೆಯಿಂದ ಎಡಗೈ ಚಾಚುವ ಸೆಮಾರನನ್ನು ಹಬ್ಬದ ದಿನ ಬಂದವರೆಲ್ಲ ನೋಡಿದರೆ ಅಪ್ಪನ ಹೆಸರು ಏನಾಗಬೇಕು? ಬ್ಲೇಡು ತಂದು ಆ ಕೈಯನ್ನು ಮೊಣಕೈವರೆಗೆ ನೀಟಾಗಿ ಕೆರೆದು ತೆಗೆದೆ. ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಆಮೇಲೆ ಮುಂಭಾಗವನ್ನೂ ಒರೆಸಲೆಂದು ಅಂಗಳದ ಕಡೆ ಹೋದೆ.

ಅಲ್ಲಿಂದ ನೋಡಿದರೆ ಬೆನ್ನ ಹಿಂದಿರುವುದು ಎಡಗೈ. ಇಲ್ಲದೆ ಹೋಗಿರುವುದು ಬಲಗೈ.

ಗಾಜಿನ ಚಿತ್ರವನ್ನು ಬೆನ್ನಿನ ಕಡೆಯಿಂದ ಬರೆಯುತ್ತಾರೆ, ಮುಖದ ಕಡೆಯಿಂದ ನೋಡುತ್ತಾರೆ. ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ನಮ್ಮ ಬೀದಿಯಲ್ಲಿ ಮೂಗು ಒರೆಸಿಕೊಳ್ಳಲು ಬರದ ಮಕ್ಕಳಿಗೂ ಇದು ಗೊತ್ತು. ನನಗೂ ಗೊತ್ತಿತ್ತು. ಗಾಜಿನ ಬಗ್ಗೆ ಉಪನ್ಯಾಸ ಕೊಡಲಿರುವವಳು ತಪ್ಪು ಕಡೆ ನಿಂತು ತಿದ್ದಿದೆ.

ರಂಜಾನ್ ೧೦

ಹೇಳದೆ ಇರಲಾಗಲಿಲ್ಲ. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಗಾಜಿನ ಹಿಂದಕ್ಕೆ ತಂದೆ. ಅವರು ಸೆಮಾರನ ಮೊಂಡುಗೈ ನೋಡಿದರು. ನನ್ನ ಕೈಯಲ್ಲಿದ್ದ ಬ್ಲೇಡು ನೋಡಿದರು. ಮತ್ತೆ ಮೊಂಡುಗೈ ನೋಡಿದರು. ಆಮೇಲೆ ನಕ್ಕರು. ಬಾಯಿ ಒಂದೇ ಕಡೆ ಎಳೆಯಿತು, ಕಣ್ಣಲ್ಲಿ ನೀರು ಬಂತು, ಕೆಮ್ಮು ಬಂತು, ಮತ್ತೂ ನಕ್ಕರು. ಕಸಿನಿ ಅತ್ತೆ ಏನಾಯಿತೋ ಎಂದು ಓಡಿ ಬಂದಳು. ವಿಷಯ ತಿಳಿದು ಅವಳೂ ನಕ್ಕಳು. ಸಂಜೆಯೊಳಗೆ ವಸ್ಮದನಿಗೂ ಸುದ್ದಿ ಮುಟ್ಟಿತ್ತು.

“ಅಕ್ಕಾ, ನೀನು ದೇವ್ರನ್ನೂ ತಿದ್ದಿಬಿಟ್ಟೆಯಾ?” ಎಂದು ಫೋನ್ ಮಾಡಿ ಕೇಳಿದ.

ನಗು ನಿಂತ ಮೇಲೆ ಅಪ್ಪ ಎಡಗೈ ಚಾಚಿ ‘ಮೋಡ’ ಎಂದರು. ನೀರು ಕೊಟ್ಟೆ. ಅಲ್ಲ. ಟವಲು. ಅಲ್ಲ. ಬ್ಲೇಡು. ಅದಕ್ಕೆ ಮತ್ತೆ ಕೆಮ್ಮುವಷ್ಟು ನಕ್ಕರು. ಕೊನೆಗೆ ಕುಂಚ ಕೊಟ್ಟೆ. ಅದು.

ರಂಜಾನ್ ೧೩

ಹೊಸ ಕ್ರಮ ಹೀಗಿದೆ. ಅಪ್ಪ ಒಳಗೆ, ಗಾಜಿನ ಬೆನ್ನಿಗೆ. ನಾನು ಅಂಗಳದಲ್ಲಿ, ಗಾಜಿನ ಮುಖಕ್ಕೆ. ಅವರ ಎಡಗೈ ಗಡಗಡ ನಡುಗುತ್ತದೆ, ಬಣ್ಣ ರೇಖೆ ದಾಟಿ ಎಲ್ಲೆಲ್ಲೋ ಹೋಗುತ್ತದೆ. ಆದರೆ ಗಾಜಿನಲ್ಲಿ ಮೊದಲು ಬಿದ್ದದ್ದೇ ಮುಂದೆ ಕಾಣುವುದು. ಕಾಯಿಲೆಗೆ ಮುಂಚೆ ಬಲಗೈಯಲ್ಲಿ ಎಳೆದ ರೇಖೆಗಳು ಆಗಲೇ ಗಾಜಿಗೆ ಅಂಟಿ ಕೂತಿವೆ. ಹಿಂದೆ ಎಷ್ಟೇ ರಾಡಿಯಾದರೂ ಮುಂದಿನಿಂದ ಎಲ್ಲ ಅಚ್ಚುಕಟ್ಟು. ಒಳಗಿನಿಂದ ನೋಡಿದರೆ ಮಗು ಗಂಜಿ ಚೆಲ್ಲಿದ ಹಾಗಿದೆ.

ಎಲ್ಲಿ ಬಣ್ಣ ತಾಗಿಲ್ಲ ಎಂದು ಅವರಿಗೆ ಒಳಗಿನಿಂದ ಗೊತ್ತಾಗುವುದಿಲ್ಲ. ನಾನು ಹೇಳಬೇಕು.

“ಅಪ್ಪ, ಹೊಟ್ಟೇಲಿ ಇನ್ನೂ ಕೋಳಿ ಕಾಣ್ತಾ ಇದೆ,” ಎನ್ನುತ್ತೇನೆ. ಅವರು ಕೋಳಿಯ ಮೇಲೆ ಕಪ್ಪು ಬಳಿಯುತ್ತಾರೆ. ಕೋಳಿ ಜಾಗ ಬದಲಾಯಿಸುತ್ತದೆ. ಅದರಿಂದಾಗಿ ಹೊಟ್ಟೆ ಬೇಗ ತುಂಬಿತು.

ಸಂಜೆ ನಗಾರಿ ಬಡಿದಾಗ ನಾನು ಎದ್ದು ಹೋಗಲಿಲ್ಲ, ಸುಸ್ತಾಗಿತ್ತು. ಕೂತಲ್ಲೇ ತಿಂದೆ. ಸೆಮಾರನ ಕಪ್ಪು ಹೊಟ್ಟೆಯ ಹಿಂದಿನಿಂದ ತೇಗದೆಲೆ ಬಿಚ್ಚುವ ಸದ್ದು ಬಂತು. ನಾನು ಬಾವಿಯ ಕಡೆ ನೋಡಿಕೊಂಡು ಕೂತೆ. ಆಮೇಲೆ ಹೋಗಿ ನೋಡಿದರೆ ಅರ್ಧ ಅನ್ನ ಖಾಲಿ.

ರಂಜಾನ್ ೧೭

ಗಾಜು ಎಷ್ಟು ಮುಚ್ಚುತ್ತದೋ ಅಪ್ಪ ಅಷ್ಟು ಉಣ್ಣುತ್ತಾರೆ. ಇದಕ್ಕೆ ವಿವರಣೆ ಇಲ್ಲ, ಆದರೆ ಡಾಕ್ಟರಮ್ಮನ ತಕ್ಕಡಿಯೂ ಹಾಗೇ ಹೇಳುತ್ತಿದೆ. ಅವರು ನನ್ನನ್ನು ಹೊಗಳಿದರು. ಗಾಜನ್ನು ಹೊಗಳಿ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಉಪನ್ಯಾಸದ ಮೊದಲ ವಾಕ್ಯ ಓದಿ ನೋಡಿದೆ. ವಾಕ್ಯದಲ್ಲಿ ತಪ್ಪೇನಿಲ್ಲ. ಆದರೆ ಕಾಲೇಜಿನ ಹೊಸ ಗಾಜಿನ ಬಾಗಿಲು ನೆನಪಾಯಿತು. ಅದು ಎಷ್ಟು ಶುಭ್ರವಾಗಿತ್ತೆಂದರೆ ಪ್ರಾಂಶುಪಾಲರು ಉದ್ಘಾಟನೆಯ ದಿನವೇ ಅದಕ್ಕೆ ಹಣೆ ಗುದ್ದಿಕೊಂಡರು. ಮರುದಿನ ಎರಡು ಹಳದಿ ಪಟ್ಟಿ ಅಂಟಿಸಿದರು. ಆ ಪಟ್ಟಿ ಅಸಹ್ಯವಾಗಿದೆ ಎಂದು ದೂರು ಬರೆದು ಕೊಟ್ಟವಳು ನಾನೇ.

ರಂಜಾನ್ ೨೦

ಬಲಗೈಗೆ ಕಪ್ಪು ಬಣ್ಣ ಹತ್ತಿತ್ತು. ಸೀಮೆಎಣ್ಣೆ ಹುಡುಕುವಷ್ಟರಲ್ಲಿ ನಗಾರಿ ಬಡಿಯಿತು. ಹಸಿದಿದ್ದೆ, ಎಡಗೈಯಲ್ಲೇ ತಿಂದೆ. ಅರ್ಧ ಅನ್ನ ಮಣ್ಣಿಗೆ ಬಿತ್ತು. ಕೋಳಿಗೆ ಹಬ್ಬ. ಸೆಮಾರನ ತೋಳಿನ ಸಂದಿಯಿಂದ ಅಪ್ಪ ನೋಡುತ್ತಿದ್ದರೇನೋ, ಗೊತ್ತಿಲ್ಲ. ಒಳಗೆ ಎಲೆಯ ಸದ್ದು ನಿಂತಿತ್ತು. ಆಮೇಲೆ ಮತ್ತೆ ಶುರುವಾಯಿತು.

ರಂಜಾನ್ ೨೪

ಹಿನ್ನೆಲೆಯ ನೀಲಿ ಮೋಡಗಳು ಮುಗಿದವು. ಮೋಡಕ್ಕೆ ಮಾತ್ರ ಅಪ್ಪ ಯಾರನ್ನೂ ಕೇಳುವುದಿಲ್ಲ. ಇವತ್ತು ಅವರ ಮುಖ ನನಗೆ ಕಾಣದಂತಾಯಿತು. ಮೊದಲು ಗಲ್ಲ ಹೋಯಿತು, ಆಮೇಲೆ ಮೂಗು, ಆಮೇಲೆ ಕನ್ನಡಕ. ನೀಲಿಯೊಳಗೆ ಮುಖ ಮುಚ್ಚಿಹೋಗುವಾಗ ನನಗೆ ಎದ್ದು ಒಳಗೆ ಓಡಬೇಕು ಅನ್ನಿಸಿತು. ಓಡಿದೆ. ಅಪ್ಪ ಅಲ್ಲೇ ಇದ್ದರು, ಮೂಗಿನ ಮೇಲೆ ನೀಲಿ ಹಚ್ಚಿಕೊಂಡು. ಏನು ಎಂಬಂತೆ ಹುಬ್ಬು ಏರಿಸಿದರು. ಏನಿಲ್ಲ ಎಂದೆ.

ನಗಾರಿ ಬಡಿದ ಮೇಲೆ ಬಿಸಿಬಿಸಿ ಮೋಡ ಕೇಳಿದರು. ಸಕ್ಕರೆ ಹಾಕಿ ಕೊಟ್ಟೆ. ಪೂರ್ತಿ ಕುಡಿದರು.

ರಂಜಾನ್ ೨೭

ಈಗ ಪಾರದರ್ಶಕವಾಗಿ ಉಳಿದಿರುವುದು ನಾನು ಕೆರೆದ ಕೈಯ ಜಾಗ ಒಂದೇ. ಅಲ್ಲಿ ರೇಖೆಯೇ ಇಲ್ಲ. ರೇಖೆಯನ್ನು ಹಿಂದೆ ಮುಚ್ಚಿಡಲಾಗುವುದಿಲ್ಲ. ಎಳೆದ ಹಾಗೆಯೇ ಮುಂದೆ ಕಾಣುತ್ತದೆ. ಅಪ್ಪ ಅದನ್ನು ಇಷ್ಟು ದಿನ ಮುಟ್ಟದೆ ಬಿಟ್ಟಿದ್ದಕ್ಕೆ ಇದೇ ಕಾರಣ.

ಇನ್ನೊಬ್ಬ ಚಿತ್ರಗಾರನನ್ನು ಕರೆಸಿ ಆ ಕೈ ಒಂದನ್ನು ಬರೆಸೋಣವೇ ಎಂದು ಕೇಳಿದೆ. ಅಪ್ಪ ಬೇಡವೆಂದು ತಲೆ ಅಲ್ಲಾಡಿಸಿದರು. ತಪ್ಪು ನನ್ನದು, ನಾನೇ ಬರೆಯಲೇ ಎಂದೆ. ಬ್ಲೇಡಿನ ಕಡೆ ಬೆರಳು ತೋರಿಸಿ ಗಹಗಹಿಸಿದರು. ಆಮೇಲೆ ಕಪ್ಪಿನಲ್ಲಿ ಸಣ್ಣ ಕುಂಚ ಅದ್ದಿ, ನನ್ನನ್ನು ಅಂಗಳಕ್ಕೆ ಹೋಗೆಂದು ಕತ್ತು ಆಡಿಸಿದರು.

ಅಂಗಳದಿಂದ ನೋಡಿದರೆ ಸೆಮಾರನ ತೋಳಿನ ತುದಿಯ ಆ ಖಾಲಿ ಜಾಗದಲ್ಲಿ ಅಪ್ಪನ ಕೈ ಬಂದು ನಿಂತಿತ್ತು. ಅದು ಅವರ ಎಡಗೈ. ನಾನು ನಿಂತ ಕಡೆಯಿಂದ ಅದು ಸೆಮಾರನ ಬಲ ತೋಳಿಗೆ ಸರಿಯಾಗಿ ಕೂತಿತ್ತು. ಅದು ನಡುಗುತ್ತಾ ಗಾಜನ್ನು ಮುಟ್ಟಿತು, ನಡುಗುತ್ತಲೇ ತನ್ನದೇ ಆಕಾರದ ಒಂದು ಕೈಯನ್ನು ಎಳೆಯಿತು. ನನಗೆ ಅಳು ಬಂತು. ಅಂಗಳದಲ್ಲಿ ಯಾರೂ ಇರಲಿಲ್ಲ, ಆದ್ದರಿಂದ ತೊಂದರೆಯಾಗಲಿಲ್ಲ.

ಕೈ ಸೊಟ್ಟಗಿದೆ. ಬೆರಳುಗಳು ಶುಂಠಿಯ ಹಾಗಿವೆ. ತಿದ್ದಲು ಏನೂ ಕಾಣಲಿಲ್ಲ.

ರಂಜಾನ್ ೨೯

ವಸ್ಮದ್ ಗಾಜನ್ನು ಕಂಬಳಿಯಲ್ಲಿ ಸುತ್ತಿ ಒಯ್ದ. ಹಿತ್ತಲ ಬಾಗಿಲು ಬಟಾಬಯಲು. ಅಂಗಳದಿಂದ ಅಡುಗೆಮನೆಯ ತಳದವರೆಗೆ ಕಾಣುತ್ತದೆ.

ಅಪ್ಪ ಸಂಜೆ ಎಲೆ ಬಿಚ್ಚಲಿಲ್ಲ. ಗೋಡೆಗೆ ತಿರುಗಿದರು. ಬಾಗಿಲಿಗೆ ಸೀರೆ ಕಟ್ಟಿದೆ, ಚಾಪೆ ನಿಲ್ಲಿಸಿದೆ. ಪ್ರಯೋಜನವಾಗಲಿಲ್ಲ. ಹಬ್ಬಕ್ಕೆ ವಸ್ಮದನ ಮನೆಯಲ್ಲಿ ಎಲ್ಲರೂ ಒಂದೇ ಚಾಪೆಯ ಮೇಲೆ ಕೂತು ಉಣ್ಣುವುದು. ಮನೆಗೆ ಹಿರಿಯರು ಅಪ್ಪ. ಅವರು ತುತ್ತು ಎತ್ತದೆ ಯಾರೂ ಎತ್ತುವಂತಿಲ್ಲ. ಹಬ್ಬ ಕಳೆದ ಬೆಳಿಗ್ಗೆ ಡಾಕ್ಟರಮ್ಮ ಬರುತ್ತಾರೆ.

ಲೆಬಾರಾನ್, ಹಬ್ಬದ ದಿನ

ಅಪ್ಪನನ್ನು ವಸ್ಮದನ ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋದೆವು. ಹೊಸ ಮನೆಯಲ್ಲಿ ಸೆಮಾರ್ ಎದುರು ಗೋಡೆಯ ಮೇಲಿದ್ದ. ಬಂದವರೆಲ್ಲ ನೋಡಿ ಮೆಚ್ಚಿದರು. ಕಸಿನಿ ಅತ್ತೆ ಹತ್ತಿರ ಹೋಗಿ, ಎಲ್ಲ ಸರಿ, ಕೈ ಒಂದು ಯಾಕೆ ಹೀಗಿದೆ ಎಂದಳು. ಅಪ್ಪನ ಕಡೆ ತಿರುಗಿದವಳು ಚೌಕಟ್ಟಿನ ಧೂಳು ಒರೆಸತೊಡಗಿದಳು.

ಕ್ಷಮೆ ಕೇಳುವ ಶಾಸ್ತ್ರಕ್ಕೆ ಎಲ್ಲರೂ ಸಾಲಾಗಿ ಬಂದು ಅಪ್ಪನ ಮುಂದೆ ಮಂಡಿಯೂರಿದರು. ಹಿರಿಯರ ಬಲಗೈಯನ್ನು ಹಣೆಗೆ ಒತ್ತಿಕೊಳ್ಳಬೇಕು. ಅಪ್ಪ ಅದನ್ನು ಲುಂಗಿಯ ಮಡಿಕೆಯೊಳಗೆ ಬಚ್ಚಿಟ್ಟಿದ್ದರು. ಜನ ಅವರ ಮಂಡಿ ಮುಟ್ಟಿ ಮುಟ್ಟಿ ಎದ್ದುಹೋದರು. ಅಪ್ಪನ ಮುಖ ನೋಡಲಾಗಲಿಲ್ಲ.

ಚಾಪೆ ಹಾಸಿದರು. ಓಲೆಗರಿಯ ಗೂಡಿನಲ್ಲಿ ಬೇಯಿಸಿದ ಅನ್ನ, ತೆಂಗಿನ ಹಾಲಿನ ಕೋಳಿ ಸಾರು ಬಡಿಸಿದರು. ಕೋಳಿ ನಮ್ಮ ಹಿತ್ತಲಿನದೇ, ಆ ವಿಷಯ ಬೇರೆ. ಅಪ್ಪನನ್ನು ತಲೆಭಾಗದಲ್ಲಿ ಕೂರಿಸಿದರು. ನಾನು ಸರಿಯಾಗಿ ಎದುರಿಗೆ ಕೂತೆ. ಎಲ್ಲರೂ ಅಪ್ಪನ ಕಡೆ ನೋಡಿದರು, ನೋಡದ ಹಾಗೆ ಮಾಡಿದರು, ಮತ್ತೆ ನೋಡಿದರು. ಸಾರಿನ ಮೇಲೆ ಕೆನೆ ಕಟ್ಟತೊಡಗಿತು. ಅಪ್ಪನ ಎಡಗೈ ಚಾಪೆಯ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು.

ನಾನು ಎಡಗೈ ಚಾಚಿ ಒಂದು ತುತ್ತು ಕಲಸಿ ಬಾಯಿಗೆ ಹಾಕಿಕೊಂಡೆ.

ಕಸಿನಿ ಅತ್ತೆ ಮೊಣಕೈಯಿಂದ ತಿವಿದಳು.

“ಕೆಂತಿ, ಅದ್ಯಾವ ಕೈಯೇ?”

“ಬಲಗೈ.”

“ನನ್ ಕಣ್ಣೇನು ಹೋಗಿಲ್ಲ. ಬಲಗೈ ನಿನ್ ಮಡಿಲಲ್ಲಿ ಬಿದ್ದಿದೆ.”

“ನೀನು ಈ ಕಡೆ ಕೂತು ನೋಡ್ತಿದೀಯ ಅತ್ತೆ,” ಎಂದೆ. “ಅಪ್ಪ ಕೂತಿರೋ ಕಡೆಯಿಂದ ನೋಡು. ಇದೇ ಬಲಗೈ.”

ಅಪ್ಪ ನನ್ನ ಕೈ ನೋಡಿದರು. ಗೋಡೆಯ ಮೇಲಿನ ಸೆಮಾರನ ಕೈ ನೋಡಿದರು. ಚಾಪೆಯ ಅಂಚು ಬಿಟ್ಟರು. ಎಲ್ಲರ ಎದುರಿಗೆ, ಬೆಳಕಿನಲ್ಲಿ, ಸಾರಿಗೆ ಕೈಯಿಟ್ಟು ದೊಡ್ಡ ತುತ್ತು ಕಲಸಿದರು. ಕೈ ನಡುಗಿ ಅರ್ಧ ಚೆಲ್ಲಿತು. ನನ್ನದೂ ಚೆಲ್ಲಿತ್ತು. ಉಳಿದರ್ಧ ಬಾಯಿಗೆ ಹೋಯಿತು.

ವಸ್ಮದ್ ಎಲ್ಲರನ್ನೂ ಒಮ್ಮೆ ನೋಡಿ, ಈ ಮನೆಯಲ್ಲಿ ಅಪ್ಪ ಹೇಗೆ ಉಣ್ಣುತ್ತಾರೋ ಹಾಗೆ ಎಂದು ಎಡಗೈ ಹಾಕಿದ. ಅವನ ಅಂಗಿಯ ತುಂಬ ಸಾರು. ಕಸಿನಿ ಅತ್ತೆ ಮಾತ್ರ ಬಲಗೈಯಲ್ಲೇ ಉಂಡಳು. ನಾನೂ ನರಕಕ್ಕೆ ಹೋದರೆ ನಿಮ್ಮನ್ನೆಲ್ಲ ಅಲ್ಲಿಂದ ಬಿಡಿಸುವವರು ಯಾರು ಎಂದಳು. ಆದರೆ ಊಟವಾದ ಮೇಲೆ ಅಣ್ಣನ ಮುಂದೆ ಮತ್ತೆ ಮಂಡಿಯೂರಿ, ಸಾರು ಮೆತ್ತಿದ ಆ ಎಡಗೈಯನ್ನೇ ಎಳೆದುಕೊಂಡು ಹಣೆಗೆ ಒತ್ತಿಕೊಂಡಳು. ಅವಳ ಹಣೆಯ ಮೇಲೆ ಅರಿಸಿನದ ಗುರುತು ಸಂಜೆವರೆಗೂ ಇತ್ತು. ಯಾರೂ ಹೇಳಲಿಲ್ಲ.

ಶವ್ವಾಲ್ ೭, ಹಬ್ಬವಾಗಿ ಆರು ದಿನ

ಹಬ್ಬದ ಮರುದಿನ ಬಂದಿದ್ದ ಡಾಕ್ಟರಮ್ಮ ನಳಿಗೆಯ ಮಾತು ಎತ್ತಲಿಲ್ಲ.

ನಾಳೆ ಉಪನ್ಯಾಸ. ಗುಮಾಸ್ತ ಬ್ಯಾನರಿನ ಚಿತ್ರ ಕಳಿಸಿದ್ದಾನೆ. ನನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ. ನಾನೆಂದು ಗೊತ್ತಾಗುತ್ತದೆ, ಸಾಕು. ಹಳೆಯ ಮೊದಲ ವಾಕ್ಯ ಹೊಡೆದು ಹಾಕಿದೆ. ಹೊಸದು: ‘ನಾನು ಬೆಳೆದ ಮನೆಯಲ್ಲಿ ಗಾಜಿಗೆ ಬೆನ್ನೂ ಇತ್ತು.’ ಮುಂದಿನದು ಇನ್ನೂ ಹೊಳೆದಿಲ್ಲ. ಬಸ್ಸಿನಲ್ಲಿ ಬರೆಯಬಹುದು.

ಅಪ್ಪನೂ ಬರುತ್ತಾರಂತೆ. ಉಪನ್ಯಾಸದಲ್ಲಿ ಏನು ಹೇಳಲಿ ಎಂದು ಕೇಳಿದ್ದಕ್ಕೆ ಬಹಳ ಹೊತ್ತು ಮಾತಾಡಿದರು. ಕೆಲವು ಒಪ್ಪುವಂಥದ್ದೇ. ಪ್ರಾಂಶುಪಾಲರ ಜೊತೆ ಊಟವಿದೆ, ಆದರೆ ಅಲ್ಲಿ ಬರೀ ಚಮಚ ಇಡುತ್ತಾರೆ. ಬೆಳಿಗ್ಗೆ ಬೇಗ ಎದ್ದು ತೇಗದೆಲೆ ತೊಳೆದು ಇಬ್ಬರಿಗೂ ಮೋಡ ಕಟ್ಟಿಕೊಳ್ಳಬೇಕು.